ಅಲಬಾಮಾ, 1960: ಕೆನಡಿಗೆ ಬಿದ್ದ ಮತ ಎಷ್ಟು? ಪದೇ ಪದೇ ಕೇಳುವ ಪ್ರಶ್ನೆಗಳು

1960ರ ನವೆಂಬರ್ 8ರಂದು ನಡೆದ ಅಮೆರಿಕದ ಅಧ್ಯಕ್ಷೀಯ ಚುನಾವಣೆಯ ಅಂಕಿಪಟ್ಟಿಗಳನ್ನು ಎರಡು ಮೂರು ಕಡೆ ಹೋಲಿಸಿದವರಿಗೆ ಒಂದು ವಿಚಿತ್ರ ಕಂಡಿರುತ್ತದೆ. ರಿಪಬ್ಲಿಕನ್ ಅಭ್ಯರ್ಥಿ ನಿಕ್ಸನ್‌ಗೆ ಬಿದ್ದ ಮತ ಹೆಚ್ಚುಕಡಿಮೆ ಎಲ್ಲ ಕಡೆ ಒಂದೇ. ಡೆಮಾಕ್ರಟಿಕ್ ಅಭ್ಯರ್ಥಿ ಕೆನಡಿಯ ಮತ ಮಾತ್ರ ಪಟ್ಟಿಯಿಂದ ಪಟ್ಟಿಗೆ ಬದಲಾಗುತ್ತದೆ. ಈ ಗೊಂದಲದ ಬೇರು ದಕ್ಷಿಣದ ಅಲಬಾಮಾ ರಾಜ್ಯದಲ್ಲಿದೆ. ಅಂಕಿಗಳನ್ನೆಲ್ಲ ನಮ್ಮ ಲಕ್ಷ, ಕೋಟಿಯ ಕ್ರಮದಲ್ಲೇ ಬರೆದಿದೆ.

ಒಂದೇ ಮಾತಿನಲ್ಲಿ ಹೇಳುವುದಾದರೆ, ಅಲಬಾಮಾದಲ್ಲಿ ಗೆದ್ದವರು ಯಾರು?

ಡೆಮಾಕ್ರಟಿಕ್ ಪಕ್ಷ. ಆದರೆ ಪಕ್ಷ ಗೆದ್ದಿತು ಎಂದ ಮಾತ್ರಕ್ಕೆ ಆ ಪಕ್ಷದ ಅಭ್ಯರ್ಥಿ ಕೆನಡಿ ಗೆದ್ದರು ಎಂದಾಗಲಿಲ್ಲ. ರಾಜ್ಯಕ್ಕೆ ಹನ್ನೊಂದು ಎಲೆಕ್ಟರ್ ಮತಗಳಿದ್ದವು. ಹನ್ನೊಂದು ಸ್ಥಾನಗಳನ್ನೂ ಡೆಮಾಕ್ರಟಿಕ್ ಪಕ್ಷದವರೇ ಗೆದ್ದರು. ಅವರಲ್ಲಿ ಐವರು ಜಾನ್ ಎಫ್. ಕೆನಡಿಗೆ ಮತ ಹಾಕಿದರು. ಉಳಿದ ಆರು ಮಂದಿ ವರ್ಜೀನಿಯಾದ ಸೆನೆಟರ್ ಹ್ಯಾರಿ ಬರ್ಡ್ ಅವರಿಗೆ ಹಾಕಿದರು. ಬರ್ಡ್ ಈ ಚುನಾವಣೆಯಲ್ಲಿ ಸ್ಪರ್ಧಿಸಿಯೇ ಇರಲಿಲ್ಲ.

ಎಲೆಕ್ಟರ್ ಎಂದರೆ ಯಾರು? ಜನ ನೇರವಾಗಿ ಅಧ್ಯಕ್ಷರನ್ನು ಆರಿಸುವುದಿಲ್ಲವೇ?

ಇಲ್ಲ. ಜನ ಆರಿಸುವುದು ಎಲೆಕ್ಟರ್‌ಗಳನ್ನು, ಅಧ್ಯಕ್ಷರನ್ನು ಆರಿಸುವವರು ಎಲೆಕ್ಟರ್‌ಗಳು. ಒಂದು ರಾಜ್ಯಕ್ಕೆ ಕೆಳಮನೆಯಲ್ಲಿ ಎಷ್ಟು ಸದಸ್ಯರೋ ಅದಕ್ಕೆ ಇಬ್ಬರು ಸೆನೆಟರ್‌ಗಳನ್ನು ಕೂಡಿದರೆ ಆ ರಾಜ್ಯದ ಎಲೆಕ್ಟರ್‌ಗಳ ಸಂಖ್ಯೆ ಸಿಗುತ್ತದೆ. ಆಗ ಅಲಬಾಮಾಕ್ಕೆ ಒಂಬತ್ತು ಸದಸ್ಯರಿದ್ದರು, ಇಬ್ಬರು ಸೆನೆಟರ್‌ಗಳು ಸೇರಿ ಹನ್ನೊಂದು.

ಇಡೀ ದೇಶದ ಲೆಕ್ಕ 1960ರಲ್ಲಿ 537. ಇಂದಿನ 538 ಅಲ್ಲ. ಅಲಾಸ್ಕಾ, ಹವಾಯಿ ಹೊಸದಾಗಿ ರಾಜ್ಯಗಳಾಗಿದ್ದರಿಂದ ಕೆಳಮನೆಯ ಸಂಖ್ಯೆ ತಾತ್ಕಾಲಿಕವಾಗಿ 437ಕ್ಕೆ ಏರಿತ್ತು, ಸೆನೆಟರ್‌ಗಳು 100. ರಾಜಧಾನಿ ವಾಷಿಂಗ್ಟನ್ ನಗರಕ್ಕೆ ಆಗ ಎಲೆಕ್ಟರ್‌ಗಳೇ ಇರಲಿಲ್ಲ. ಗೆಲ್ಲಲು ಬೇಕಿದ್ದದ್ದು 269. ಹಳೆಯ ಚುನಾವಣೆಯ ಲೆಕ್ಕಕ್ಕೆ ಇಂದಿನ 270ನ್ನು ಹಿಡಿದುಕೊಂಡು ಕೂತವರು ಒಂದು ಮತ ತಪ್ಪುವುದು ಇಲ್ಲಿಯೇ. ಮುಂದೆ ನೋಡುವ ಹಾಗೆ, ಅಲಬಾಮಾದ ವಿಷಯದಲ್ಲಿ ಆ ಒಂದು ಮತ ಸಣ್ಣದಲ್ಲ.

ನಮ್ಮ ರಾಷ್ಟ್ರಪತಿ ಚುನಾವಣೆಯಲ್ಲಿ ಮತ ಹಾಕುವ ಶಾಸಕರು, ಸಂಸದರು ಬೇರೆ ಕೆಲಸಕ್ಕೆ ಆರಿಸಿಬಂದವರು. ಅಮೆರಿಕದ ಎಲೆಕ್ಟರ್ ಈ ಒಂದು ದಿನದ ಕೆಲಸಕ್ಕೆಂದೇ ಆರಿಸಿಬಂದವನು. ಮತ ಹಾಕಿದ ಮೇಲೆ ಅವನ ಹುದ್ದೆ ಮುಗಿಯಿತು.

ಅಲಬಾಮಾದ ಮತಪತ್ರದಲ್ಲಿ ಅಂಥ ವಿಶೇಷ ಏನಿತ್ತು?

ಎಲ್ಲ ಕಗ್ಗಂಟೂ ಹುಟ್ಟುವುದು ಇಲ್ಲಿ, ಆದ್ದರಿಂದ ಸ್ವಲ್ಪ ನಿಧಾನವಾಗಿ ನೋಡೋಣ.

ಹೆಚ್ಚಿನ ರಾಜ್ಯಗಳಲ್ಲಿ ಒಂದು ಪಕ್ಷದ ಎಲೆಕ್ಟರ್‌ಗಳೆಲ್ಲ ಒಂದು ಗಂಟು. ಮತದಾರ ಒಂದು ಗುರುತು ಹಾಕಿದರೆ ಇಡೀ ಗಂಟಿಗೆ ಒಂದು ಮತ. ಎಣಿಸುವುದೂ ಒಂದೇ ಅಂಕಿ. ಅಲಬಾಮಾದಲ್ಲಿ ಪ್ರತಿ ಎಲೆಕ್ಟರ್‌ನ ಹೆಸರೂ ಬೇರೆ ಬೇರೆಯಾಗಿ ಅಚ್ಚಾಗಿತ್ತು, ಪ್ರತಿ ಹೆಸರಿನ ಮತವನ್ನೂ ಬೇರೆ ಬೇರೆಯಾಗಿ ಎಣಿಸುತ್ತಿದ್ದರು. ಮತದಾರನ ಕೈಯಲ್ಲಿ ಹನ್ನೊಂದು ಮತ. ಪಕ್ಷದ ಚಿಹ್ನೆಗೆ ಒಂದೇ ಗುರುತು ಹಾಕಿದರೆ ಆ ಪಕ್ಷದ ಹನ್ನೊಂದು ಮಂದಿಗೂ ಒಂದೊಂದು ಮತ ಹೋಗುತ್ತಿತ್ತು. ಬೇಡವೆಂದರೆ ಹೆಸರು ಹೆಸರು ಹುಡುಕಿ ಬೇಕಾದವರಿಗಷ್ಟೇ ಹಾಕಬಹುದಿತ್ತು.

ಡೆಮಾಕ್ರಟಿಕ್ ಪಕ್ಷಕ್ಕೆ ಕತ್ತೆಯ ಚಿಹ್ನೆ ಎಂದು ಓದಿದವರು ಅಲಬಾಮಾದ ಹಳೆಯ ಮತಪತ್ರ ನೋಡಿದರೆ ಬೆಚ್ಚುತ್ತಾರೆ. ಅಲ್ಲಿ ಪಕ್ಷದ ಗುರುತು ಹುಂಜ. ಹುಂಜದ ಜೊತೆಗಿದ್ದ ಘೋಷಣೆಯಲ್ಲಿ ಬಿಳಿಯರ ಮೇಲ್ಮೆ ಎಂಬ ಮಾತು ಮುಚ್ಚುಮರೆಯಿಲ್ಲದೆ ಅಚ್ಚಾಗುತ್ತಿತ್ತು. ಆ ಮಾತನ್ನು ತೆಗೆದದ್ದು 1966ರಲ್ಲಿ.

ಈ ಹುಂಜದ ಕೆಳಗೆ ಇದ್ದ ಹನ್ನೊಂದು ಹೆಸರುಗಳು ಎರಡು ಬಣದವು. ಐವರು ಪಕ್ಷದ ಅಭ್ಯರ್ಥಿ ಯಾರಾದರೂ ಅವರಿಗೇ ಮತ ಎಂದು ಮಾತು ಕೊಟ್ಟವರು. ಇವರನ್ನು ನಿಷ್ಠರು ಎನ್ನೋಣ. ಆರು ಮಂದಿ ಯಾರಿಗೂ ಮಾತು ಕೊಡದವರು. ಹುಂಜಕ್ಕೆ ಗುರುತು ಹಾಕಿದ ಮತದಾರ ಒಂದೇ ಏಟಿಗೆ ಎರಡೂ ಬಣಗಳಿಗೆ ಮತ ಹಾಕಿದ ಹಾಗಾಯಿತು.

ಆರು ಮತ್ತು ಐದು ಎಂಬ ಪಾಲು ಎಲ್ಲಿಂದ ಬಂತು?

ಡೆಮಾಕ್ರಟಿಕ್ ಪಕ್ಷದ ಒಳಚುನಾವಣೆಯಿಂದ, ಅಂದರೆ ಪ್ರೈಮರಿಯಿಂದ. ಎಲೆಕ್ಟರ್ ಆಗಬಯಸುವವರೂ ಪ್ರೈಮರಿಯಲ್ಲಿ ನಿಂತು ಗೆದ್ದು ಬರಬೇಕಿತ್ತು. 1960ರ ಮೇ ತಿಂಗಳ ಪ್ರೈಮರಿ, ಅದರ ಹಿಂದೆಯೇ ನಡೆದ ಎರಡನೇ ಸುತ್ತು, ಇವೆರಡೂ ಮುಗಿದಾಗ ಹನ್ನೊಂದರಲ್ಲಿ ಆರು ಮಾತು ಕೊಡದವರ ಪಾಲಾಗಿತ್ತು.

ದಿನಾಂಕ ಗಮನಿಸಿ. ಕೆನಡಿ ಪಕ್ಷದ ಅಭ್ಯರ್ಥಿಯಾದದ್ದು ಜುಲೈ ತಿಂಗಳಲ್ಲಿ, ಲಾಸ್ ಏಂಜಲೀಸ್ ಸಮಾವೇಶದಲ್ಲಿ. ಅಂದರೆ ಅಲಬಾಮಾದವರು ಎಲೆಕ್ಟರ್‌ಗಳನ್ನು ಆರಿಸಿ ಮುಗಿಸಿದಾಗ ಅಭ್ಯರ್ಥಿ ಯಾರೆಂಬುದೇ ತೀರ್ಮಾನವಾಗಿರಲಿಲ್ಲ. ಆ ಆರು ಮಂದಿಯನ್ನು ಕೆನಡಿಯ ವಿರುದ್ಧ ಆರಿಸಿದರು ಎನ್ನುವುದು ಅರ್ಧ ಸತ್ಯವೂ ಅಲ್ಲ. ಕರಿಯರ ನಾಗರಿಕ ಹಕ್ಕುಗಳ ವಿಷಯದಲ್ಲಿ ರಾಷ್ಟ್ರೀಯ ಪಕ್ಷ ಹಿಡಿದ ದಾರಿಯ ವಿರುದ್ಧ ಆರಿಸಿದರು ಎಂದರೆ ಸರಿ.

3,18,303 ಮತ್ತು 3,24,050: ಇವೆರಡರಲ್ಲಿ ಯಾವುದು ಸರಿ?

ಎರಡೂ ಸರಿ. ಬೇರೆ ಬೇರೆ ಮನುಷ್ಯರಿಗೆ ಬಿದ್ದ ಮತಗಳು ಅವು. ನಿಷ್ಠ ಎಲೆಕ್ಟರ್‌ಗಳಲ್ಲಿ ಅತಿ ಹೆಚ್ಚು ಪಡೆದವರಿಗೆ 3,18,303. ಮಾತು ಕೊಡದವರಲ್ಲಿ ಅತಿ ಹೆಚ್ಚು ಪಡೆದ ಫ್ರಾಂಕ್ ಡಿಕ್ಸನ್ ಅವರಿಗೆ 3,24,050. ಡಿಕ್ಸನ್ 1939ರಿಂದ 1943ರವರೆಗೆ ರಾಜ್ಯದ ಗವರ್ನರ್ ಆಗಿದ್ದವರು, ಮನೆಮಾತಾಗಿದ್ದ ಹೆಸರು.

ಇಬ್ಬರ ನಡುವಿನ ಅಂತರ 5,747. ಈ ಅಂಕಿಯನ್ನು ನೆನಪಿಟ್ಟುಕೊಳ್ಳಿ, ಕೆಳಗೆ ಮತ್ತೆ ಬೇಕಾಗುತ್ತದೆ. ಮೂರು ಲಕ್ಷದ ಮೇಲಿನ ಮತದಲ್ಲಿ ಇಷ್ಟೇ ಅಂತರ ಎಂದರೆ ಹೆಚ್ಚಿನವರು ಹುಂಜಕ್ಕೆ ಒಂದು ಗುರುತು ಹಾಕಿ ಹೋದರು, ಹೆಸರು ಹೆಸರು ಹೆಕ್ಕಿದವರು ಬಹಳ ಕಡಿಮೆ ಎಂದೇ ಅರ್ಥ.

ಉಳಿದವರಿಗೆ ಎಷ್ಟು ಬಿತ್ತು?

ರಿಪಬ್ಲಿಕನ್ ಪಕ್ಷದ ರಿಚರ್ಡ್ ನಿಕ್ಸನ್ ಅವರ ಎಲೆಕ್ಟರ್‌ಗಳಿಗೆ 2,37,981. ನ್ಯಾಷನಲ್ ಸ್ಟೇಟ್ಸ್ ರೈಟ್ಸ್ ಪಕ್ಷಕ್ಕೆ 4,367. ಈ ಪಕ್ಷ ಅರ್ಕಾನ್ಸಾಸ್ ಗವರ್ನರ್ ಆರ್ವಲ್ ಫಾಬಸ್ ಅವರ ಹೆಸರನ್ನು ಮುಂದಿಟ್ಟಿತ್ತು. ಪಾನನಿಷೇಧ ಪಕ್ಷಕ್ಕೆ 2,106. ಕ್ಲೆನನ್ ಕಿಂಗ್ ಅವರ ಆಫ್ರೋ-ಅಮೆರಿಕನ್ ಪಕ್ಷಕ್ಕೆ 1,485. ಇವಕ್ಕೆ 3,18,303 ಕೂಡಿಸಿದರೆ ಒಟ್ಟು 5,64,242. ಈ ಲೆಕ್ಕದಲ್ಲಿ ಡೆಮಾಕ್ರಟಿಕ್ ಪಾಲು ಶೇ. 56.4, ನಿಕ್ಸನ್ ಪಾಲು ಶೇ. 42.2.

5,64,242 ಎಂಬುದು ಮತಗಟ್ಟೆಗೆ ಬಂದವರ ತಲೆ ಎಣಿಕೆ ಅಲ್ಲ. ಪ್ರತಿ ಪಕ್ಷದಿಂದ ಒಬ್ಬ ಎಲೆಕ್ಟರ್‌ನ ಮತ ತೆಗೆದುಕೊಂಡು ಕೂಡಿದ ಮೊತ್ತ. ಡೆಮಾಕ್ರಟಿಕ್ ಪಕ್ಷದಿಂದ ಡಿಕ್ಸನ್ ಅವರ ಅಂಕಿಯನ್ನು ತೆಗೆದುಕೊಂಡರೆ ಮೊತ್ತ 5,69,989 ಆಗುತ್ತದೆ.

ಹಾಗಾದರೆ ಕೆನಡಿಗೆ ಅಲಬಾಮಾದಲ್ಲಿ ಎಷ್ಟು ಜನಮತ ಬಿತ್ತು?

ಈ ಪ್ರಶ್ನೆಗೆ ಒಂದೇ ಅಂಕಿಯ ಉತ್ತರ ಇಲ್ಲ. ಯಾರಾದರೂ ಒಂದೇ ಅಂಕಿ ಕೊಟ್ಟರೆ ಅದರ ಹಿಂದೆ ಒಂದು ಊಹೆ ಅಡಗಿದೆ ಎಂದು ತಿಳಿಯಿರಿ. ಚಾಲ್ತಿಯಲ್ಲಿರುವ ದಾರಿಗಳು ಇವು.

ಮೊದಲನೆಯದು, ನಿಷ್ಠರಲ್ಲಿ ಅತಿ ಹೆಚ್ಚು ಪಡೆದವರ 3,18,303ನ್ನು ಪೂರ್ತಿ ಕೆನಡಿಗೆ ಬರೆಯುವುದು. ಅತಿ ಬಳಕೆಯಲ್ಲಿರುವ ದಾರಿ ಇದು. ಇದರ ತೊಡಕೇನೆಂದರೆ, ಇದೇ ಮತಪತ್ರಗಳಲ್ಲಿ ಬಹುಪಾಲು ಆ ಆರು ಮಂದಿಯನ್ನೂ ಗೆಲ್ಲಿಸಿದವು. ಆ ಆರು ಮತ ಹಾಕಿದ್ದು ಬರ್ಡ್ ಅವರಿಗೆ.

ಎರಡನೆಯದು, ಡಿಕ್ಸನ್ ಅವರ 3,24,050ನ್ನೇ ಕೆನಡಿಗೆ ಬರೆಯುವುದು. ಇದು ಸಮರ್ಥಿಸಲಾಗದ ದಾರಿ. ಡಿಕ್ಸನ್ ಕೆನಡಿಗೆ ಮತ ಹಾಕಲೇ ಇಲ್ಲ. ಆದರೂ ಎಷ್ಟೋ ಪಟ್ಟಿಗಳಲ್ಲಿ ಇದು ನುಸುಳಿದೆ.

ಮೂರನೆಯದು, 3,18,303 ಕೆನಡಿಗೆ, ಹೆಚ್ಚುವರಿ 5,747 ಮಾತ್ರ ಮಾತು ಕೊಡದವರಿಗೆ. ನೋಡಲು ಅಚ್ಚುಕಟ್ಟು. ಆದರೆ ಮೂರು ಲಕ್ಷಕ್ಕೂ ಹೆಚ್ಚು ಮತ ಪಡೆದು ಆರು ಸ್ಥಾನ ಗೆದ್ದ ಬಣಕ್ಕೆ ಐದೂಮುಕ್ಕಾಲು ಸಾವಿರ ಮತ ಎಂದು ಬರೆದರೆ ಓದಿದವರು ನಗುತ್ತಾರೆ.

ನಾಲ್ಕನೆಯದು, ಹನ್ನೊಂದು ಪಾಲು ಮಾಡುವುದು. ಪಕ್ಷದ ಅತಿ ಹೆಚ್ಚಿನ ಮತ 3,24,050 ತೆಗೆದುಕೊಂಡು, ಹನ್ನೊಂದರಿಂದ ಭಾಗಿಸಿ, ಐದು ಪಾಲು ಕೆನಡಿಗೆ, ಆರು ಪಾಲು ಮಾತು ಕೊಡದವರಿಗೆ. ಆಗ ಕೆನಡಿಗೆ 1,47,295, ಅವರಿಗೆ 1,76,755. ಈ ದಾರಿಯಲ್ಲಿ ನಡೆದರೆ ಒಂದು ತಮಾಷೆ ನಡೆಯುತ್ತದೆ: 2,37,981 ಮತ ಪಡೆದ ನಿಕ್ಸನ್ ರಾಜ್ಯದಲ್ಲಿ ಮೊದಲಿಗರಾಗುತ್ತಾರೆ, ಮಾತು ಕೊಡದವರು ಎರಡನೆಯವರು, ಕೆನಡಿ ಮೂರನೆಯವರು. ಮೊದಲಿಗನಿಗೆ ಎಲೆಕ್ಟರ್ ಮತ ಸೊನ್ನೆ.

ಇವುಗಳ ಜೊತೆಗೆ ಒಂದು ಶುದ್ಧ ತಪ್ಪೂ ಓಡಾಡುತ್ತಿದೆ. ಕೆನಡಿಗೆ 3,18,303 ಎಂದು ಒಂದು ಸಾಲು, ಮಾತು ಕೊಡದವರಿಗೆ 3,24,050 ಎಂದು ಇನ್ನೊಂದು ಸಾಲು ಬರೆದು ಎರಡನ್ನೂ ಕೂಡುವುದು. ಮೊತ್ತ 6,42,353. ಒಟ್ಟು ಮತವೇ ಐದು ಲಕ್ಷ ಅರವತ್ತು ಸಾವಿರದ ಆಸುಪಾಸು ಇದ್ದಾಗ ಇದು ಆಗದ ಮಾತು. ಒಂದೇ ಮತಪತ್ರವನ್ನು ಎರಡು ಸಲ ಎಣಿಸಿದರೆ ಹೀಗಾಗುತ್ತದೆ.

ಇಡೀ ದೇಶದಲ್ಲಿ ಕೆನಡಿಯ ಮುನ್ನಡೆ ಒಂದು ಕಡೆ 1,12,827, ಇನ್ನೊಂದು ಕಡೆ 1,18,574 ಎಂದಿದೆ. ಯಾಕೆ?

ಎರಡನೆಯದರಿಂದ ಮೊದಲನೆಯದನ್ನು ಕಳೆಯಿರಿ. 5,747 ಬರುತ್ತದೆ. ಡಿಕ್ಸನ್ ಮತ್ತು ನಿಷ್ಠರ ನಡುವಿನ ಅದೇ ಅಂತರ.

ಅಂದರೆ, ದೇಶದಲ್ಲಿ ಕೆನಡಿಗೆ 3,42,20,984 ಮತ ಎಂದು ಬರೆದ ಪಟ್ಟಿ ಅಲಬಾಮಾಕ್ಕೆ 3,18,303 ಹಿಡಿದಿದೆ. 3,42,26,731 ಎಂದು ಬರೆದ ಪಟ್ಟಿ ಡಿಕ್ಸನ್ ಅವರ 3,24,050 ಹಿಡಿದಿದೆ. ನಿಕ್ಸನ್‌ಗೆ ಎರಡರಲ್ಲೂ 3,41,08,157. ಯಾವ ಪಟ್ಟಿ ಯಾವ ದಾರಿ ಹಿಡಿದಿದೆ ಎಂದು ಅಡಿಟಿಪ್ಪಣಿ ಹುಡುಕುವ ಅಗತ್ಯವಿಲ್ಲ, ಈ ಒಂದು ಕಳೆಯುವ ಲೆಕ್ಕ ಸಾಕು.

ನಿಜವಾಗಿ ಜನಮತದಲ್ಲಿ ಗೆದ್ದವರು ನಿಕ್ಸನ್ ಎನ್ನುತ್ತಾರಲ್ಲ?

ಹನ್ನೊಂದು ಪಾಲಿನ ದಾರಿ ಹಿಡಿದರೆ ಹೌದು. ಲೆಕ್ಕ ನೀವೇ ಮಾಡಿ ನೋಡಬಹುದು. ಕೆನಡಿಯ 3,42,20,984ರಿಂದ ಅಲಬಾಮಾದ 3,18,303 ಕಳೆಯಿರಿ: 3,39,02,681. ಅದಕ್ಕೆ 1,47,295 ಕೂಡಿಸಿ: 3,40,49,976. ನಿಕ್ಸನ್ ಅವರ 3,41,08,157ರ ಪಕ್ಕ ಇಡಿ. ನಿಕ್ಸನ್ 58,181 ಮತ ಮುಂದೆ.

ಇದನ್ನು ಯಾರೋ ಸೋತ ಪಕ್ಷದವರು ಕಟ್ಟಿದ ಕಥೆ ಎಂದು ತಳ್ಳಿಹಾಕುವ ಹಾಗಿಲ್ಲ. ಅಮೆರಿಕದ ರಾಜಕೀಯ ಅಂಕಿಅಂಶಗಳಿಗೆ ಹೆಸರಾದ ಕಾಂಗ್ರೆಷನಲ್ ಕ್ವಾರ್ಟರ್ಲಿ ಸಂಸ್ಥೆಯೇ ಈ ರೀತಿಯ ಲೆಕ್ಕವನ್ನು ಕೊಟ್ಟಿತ್ತು. ಆದರೆ ಇದು ನಿರ್ವಿವಾದವೂ ಅಲ್ಲ. ಒಬ್ಬ ಮತದಾರನ ಮನಸ್ಸನ್ನು ಐದು, ಆರು ಎಂದು ಸೀಳಬಹುದು ಎಂಬ ಊಹೆ ಅದರ ಬುಡದಲ್ಲಿದೆ. ಅಂದು ಹುಂಜಕ್ಕೆ ಗುರುತು ಹಾಕಿದವರಲ್ಲಿ ಕೆನಡಿಯೇ ಬೇಕೆಂದವರಿದ್ದರು, ಅವರಿಗೆ ಬೇರೆ ಸುಲಭದ ದಾರಿ ಇರಲಿಲ್ಲ. ಕೆನಡಿಯನ್ನು ಕಂಡರಾಗದವರೂ ಇದ್ದರು. ರಾಜ್ಯದ ಬೇರೆ ಹುದ್ದೆಗಳಿಗೆ ನಿಂತ ಪಕ್ಷದವರಿಗಾಗಿ, ಅಪ್ಪ ಅಜ್ಜನ ಕಾಲದಿಂದ ಹಾಕಿದ್ದೇ ಹಾಕಿದವರೂ ಇದ್ದರು. ಯಾರು ಎಷ್ಟು ಎಂದು ಆ ಮತಪತ್ರ ಹೇಳುವುದಿಲ್ಲ.

ಕೆನಡಿ ಒಂದು ಲಕ್ಷ ಚಿಲ್ಲರೆ ಮತದಿಂದ ಗೆದ್ದರು ಎಂದು ಷರಾ ಇಲ್ಲದೆ ಬರೆಯುವುದೂ, ಜನಮತ ನಿಕ್ಸನ್‌ದೇ ಎಂದು ಸಾರುವುದೂ ಎರಡೂ ಅತಿ. ಅಧ್ಯಕ್ಷ ಪದವಿ ತೀರ್ಮಾನವಾದದ್ದು ಎಲೆಕ್ಟರ್ ಮತದಿಂದ: ಕೆನಡಿ 303, ನಿಕ್ಸನ್ 219, ಬರ್ಡ್ 15. ಅದರಲ್ಲಿ ಗೊಂದಲವಿಲ್ಲ.

ಸ್ಪರ್ಧಿಸದ ಬರ್ಡ್ ಅವರಿಗೆ ಹದಿನೈದು ಮತ ಎಲ್ಲಿಂದ?

ಅಲಬಾಮಾದಿಂದ ಆರು, ಮಿಸಿಸಿಪ್ಪಿಯಿಂದ ಎಂಟು, ಒಕ್ಲಹೋಮಾದಿಂದ ಒಂದು. ಡಿಸೆಂಬರ್ 19ರಂದು ಎಲೆಕ್ಟರ್‌ಗಳು ತಂತಮ್ಮ ರಾಜ್ಯಗಳಲ್ಲಿ ಸೇರಿ ಮತ ಹಾಕಿದಾಗ ಅಲಬಾಮಾ, ಮಿಸಿಸಿಪ್ಪಿಯ ಈ ಹದಿನಾಲ್ಕು ಮಂದಿ ಉಪಾಧ್ಯಕ್ಷ ಸ್ಥಾನಕ್ಕೆ ದಕ್ಷಿಣ ಕ್ಯಾರೊಲೈನಾದ ಸ್ಟ್ರಾಮ್ ಥರ್ಮಂಡ್ ಹೆಸರು ಬರೆದರು. ಒಕ್ಲಹೋಮಾದ ಒಬ್ಬರು ಬ್ಯಾರಿ ಗೋಲ್ಡ್‌ವಾಟರ್ ಹೆಸರು ಬರೆದರು. ಬರ್ಡ್ ಆಗ 73 ವರ್ಷದ ಹಿರಿಯ ಸೆನೆಟರ್, ಶಾಲೆಗಳಲ್ಲಿ ಬಿಳಿಯರು ಕರಿಯರನ್ನು ಒಟ್ಟಿಗೆ ಕೂರಿಸುವುದನ್ನು ತಡೆಯುವ ಚಳವಳಿಯ ಮುಂದಾಳು.

ಆ ಆರು ಮಂದಿ ಪಕ್ಷದ್ರೋಹ ಮಾಡಿದರು ಎನ್ನಬಹುದೇ?

ಪಕ್ಷದ್ರೋಹ ಎಂಬುದು ಅಭಿಪ್ರಾಯ, ಅದಿರಲಿ. ವಚನಭಂಗ ಅಂತೂ ಅಲ್ಲ, ಏಕೆಂದರೆ ಅವರು ವಚನ ಕೊಟ್ಟೇ ಇರಲಿಲ್ಲ. ಒಕ್ಲಹೋಮಾದ ಹೆನ್ರಿ ಅರ್ವಿನ್ ಮಾಡಿದ್ದು ವಚನಭಂಗ: ನಿಕ್ಸನ್ ಪರವಾಗಿ ಆರಿಸಿಬಂದು ಬರ್ಡ್‌ಗೆ ಹಾಕಿದರು. ಅಲಬಾಮಾದಲ್ಲೂ ಅಂಥದ್ದು 1956ರಲ್ಲಿ ಆಗಿತ್ತು, ಡೆಮಾಕ್ರಟಿಕ್ ಅಭ್ಯರ್ಥಿ ಅಡ್ಲಾಯ್ ಸ್ಟೀವನ್‌ಸನ್ ಪರವಾಗಿ ಗೆದ್ದ ಹನ್ನೊಂದರಲ್ಲಿ ಒಬ್ಬರು ವಾಲ್ಟರ್ ಜೋನ್ಸ್ ಎಂಬ ಸ್ಥಳೀಯ ನ್ಯಾಯಾಧೀಶರಿಗೆ ಮತ ಹಾಕಿದ್ದರು. ಎರಡೂ ಬಗೆಯವರನ್ನು ಒಂದೇ ಬುಟ್ಟಿಗೆ ಹಾಕುವ ಬರಹಗಳು ಬಹಳ. ಬೇರ್ಪಡಿಸಿ ನೋಡಿ.

ಎಲೆಕ್ಟರ್‌ಗಳನ್ನು ಮಾತಿಗೆ ಕಟ್ಟಿಹಾಕುವ ಕಾನೂನು ಇರಲಿಲ್ಲವೇ?

ಈ ವಿಷಯದ ಮುಖ್ಯ ತೀರ್ಪು ಹುಟ್ಟಿದ್ದೇ ಅಲಬಾಮಾದಲ್ಲಿ. 1952ರ ರೇ ಮತ್ತು ಬ್ಲೇರ್ ಮೊಕದ್ದಮೆಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್, ಪ್ರೈಮರಿಯಲ್ಲಿ ನಿಲ್ಲುವ ಎಲೆಕ್ಟರ್ ಅಭ್ಯರ್ಥಿಗಳಿಂದ ಪಕ್ಷ ನಿಷ್ಠೆಯ ಮಾತು ತೆಗೆದುಕೊಳ್ಳಬಹುದು ಎಂದಿತು. ತೆಗೆದುಕೊಳ್ಳಬಹುದು ಎಂದಿತೇ ಹೊರತು ತೆಗೆದುಕೊಳ್ಳಲೇಬೇಕು ಎನ್ನಲಿಲ್ಲ. ಕೀಲಿಕೈ ರಾಜ್ಯದ ಪಕ್ಷದ ಕೈಯಲ್ಲೇ ಉಳಿಯಿತು. 1960ರಲ್ಲಿ ಮಾತು ಕೊಡದವರೂ ಹುಂಜದ ಕೆಳಗೆ ನಿಲ್ಲುವುದಕ್ಕೆ ಅಡ್ಡಿ ಬರಲಿಲ್ಲ. ಕೊಟ್ಟ ಮಾತನ್ನು ರಾಜ್ಯಗಳು ಕಾನೂನಿನಿಂದ ಜಾರಿಗೊಳಿಸಬಹುದು, ಮುರಿದರೆ ದಂಡ ಹಾಕಬಹುದು ಎಂದು ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದ್ದು 2020ರಲ್ಲಿ.

ಇದರಿಂದ ಅವರಿಗೆ ಸಿಗುತ್ತಿದ್ದುದಾದರೂ ಏನು? ಕೆನಡಿ ಗೆದ್ದೇ ಗೆದ್ದರಲ್ಲ.

ಲೆಕ್ಕಾಚಾರ ಹೀಗಿತ್ತು. ಇಬ್ಬರು ದೊಡ್ಡ ಅಭ್ಯರ್ಥಿಗಳಲ್ಲಿ ಯಾರಿಗೂ 269 ಬರದೆ ಹೋದರೆ, ಮಾತು ಕೊಡದ ಎಲೆಕ್ಟರ್‌ಗಳ ಹತ್ತಿರ ಚೌಕಾಸಿಗೆ ಬರಬೇಕಾಗುತ್ತದೆ. ಚೌಕಾಸಿ ಮುರಿದರೆ ತೀರ್ಮಾನ ಕೆಳಮನೆಗೆ ಹೋಗುತ್ತದೆ. ಅಲ್ಲಿ ರಾಜ್ಯಕ್ಕೊಂದೇ ಮತ, ದೊಡ್ಡ ನ್ಯೂಯಾರ್ಕ್‌ಗೂ ಸಣ್ಣ ಮಿಸಿಸಿಪ್ಪಿಗೂ ಒಂದೇ ತೂಕ. ನಾಗರಿಕ ಹಕ್ಕುಗಳ ವಿಷಯದಲ್ಲಿ ದಕ್ಷಿಣಕ್ಕೆ ಬೇಕಾದ ಷರತ್ತು ಹಾಕಲು ಇದಕ್ಕಿಂತ ಒಳ್ಳೆಯ ಜಾಗ ಇಲ್ಲ.

ಹುಚ್ಚು ಲೆಕ್ಕ ಎನಿಸುತ್ತದೆಯೇ? ಅಂಕಿ ನೋಡಿ. ಕೆನಡಿ ಇಲಿನಾಯ್ ರಾಜ್ಯವನ್ನು 8,858 ಮತಗಳಿಂದ, ಮಿಸೌರಿಯನ್ನು 9,980 ಮತಗಳಿಂದ ಗೆದ್ದರು. ಮೊದಲನೆಯದಕ್ಕೆ 27 ಎಲೆಕ್ಟರ್‌ಗಳು, ಎರಡನೆಯದಕ್ಕೆ 13. ಎರಡೂ ಕಡೆ ಸೇರಿ ಒಂಬತ್ತೂವರೆ ಸಾವಿರ ಮತದಾರರು ಮನಸ್ಸು ಬದಲಿಸಿದ್ದರೆ ಕೆನಡಿ 263, ನಿಕ್ಸನ್ 259, ಬರ್ಡ್ 15. ಯಾರಿಗೂ ಬಹುಮತವಿಲ್ಲ. ಆಗ ಅಲಬಾಮಾದ ಆ ಆರು ಮತ ಕೆನಡಿಯ ಬುಟ್ಟಿಗೆ ಬಿದ್ದಿದ್ದರೆ 263ಕ್ಕೆ ಆರು ಸೇರಿ 269, ಕರಾರುವಾಕ್ಕಾಗಿ ಬಹುಮತ. ಒಂದು ಮತ ಹೆಚ್ಚಿಲ್ಲ, ಒಂದು ಮತ ಕಡಿಮೆಯಿಲ್ಲ.

ಮಿಸಿಸಿಪ್ಪಿ, ಲೂಸಿಯಾನಾಗಳಲ್ಲೂ ಹೀಗೇ ಇತ್ತಲ್ಲ, ಅಲ್ಲಿ ಯಾಕೆ ಗೊಂದಲವಿಲ್ಲ?

ಅಲ್ಲಿ ಮಾತು ಕೊಡದವರದು ಬೇರೆಯದೇ ಪಟ್ಟಿ. ಕೆನಡಿ ಬೇಕಾದವರು ಒಂದು ಕಡೆ, ಬೇಡವಾದವರು ಇನ್ನೊಂದು ಕಡೆ ಗುರುತು ಹಾಕಿದರು. ಮಿಸಿಸಿಪ್ಪಿಯಲ್ಲಿ ಮಾತು ಕೊಡದವರಿಗೆ 1,16,248, ಕೆನಡಿಗೆ 1,08,362, ನಿಕ್ಸನ್‌ಗೆ 73,561. ಲೂಸಿಯಾನಾದಲ್ಲಿ ಮಾತು ಕೊಡದವರಿಗೆ ಐದನೇ ಒಂದರಷ್ಟು ಮತ ಬಿತ್ತು, ರಾಜ್ಯವನ್ನು ಕೆನಡಿ ಗೆದ್ದರು. ಎರಡು ಬಣಗಳನ್ನು ಒಂದೇ ಹುಂಜದ ರೆಕ್ಕೆಯಡಿ ಕೂರಿಸಿದ್ದು ಅಲಬಾಮಾ ಮಾತ್ರ.

ರಾಜ್ಯದೊಳಗೆ ಯಾವ ಭಾಗ ಯಾರ ಕಡೆ?

ಉತ್ತರದ ಟೆನೆಸಿ ನದಿ ಕಣಿವೆ ಡೆಮಾಕ್ರಟಿಕ್ ನಿಷ್ಠರ ಗಟ್ಟಿ ನೆಲ. ರೂಸ್‌ವೆಲ್ಟ್ ಕಾಲದಲ್ಲಿ ಟೆನೆಸಿ ಕಣಿವೆ ಪ್ರಾಧಿಕಾರದ ಅಣೆಕಟ್ಟುಗಳು ಅಲ್ಲಿಗೆ ವಿದ್ಯುತ್ತು, ಕೆಲಸ ತಂದಿದ್ದವು. ಜನ ಅದನ್ನು ಮರೆತಿರಲಿಲ್ಲ. ಸೆನೆಟರ್‌ಗಳಾದ ಲಿಸ್ಟರ್ ಹಿಲ್, ಜಾನ್ ಸ್ಪಾರ್ಕ್‌ಮನ್ ಇಬ್ಬರೂ ರಾಷ್ಟ್ರೀಯ ಪಕ್ಷದ ಜೊತೆಗಿದ್ದರು. ಸ್ಪಾರ್ಕ್‌ಮನ್ 1952ರಲ್ಲಿ ಪಕ್ಷದ ಉಪಾಧ್ಯಕ್ಷ ಅಭ್ಯರ್ಥಿಯಾಗಿದ್ದವರು. ಗವರ್ನರ್ ಜಾನ್ ಪ್ಯಾಟರ್‌ಸನ್ ವರ್ಣಭೇದದ ಕಟ್ಟಾ ಬೆಂಬಲಿಗರಾಗಿದ್ದೂ ಕೆನಡಿಯ ಪರ ಬಹಳ ಮೊದಲೇ ನಿಂತಿದ್ದರು. ದಕ್ಷಿಣದ ರಾಜಕೀಯವನ್ನು ಒಂದೇ ಬಣ್ಣದಲ್ಲಿ ಬಳಿಯುವವರು ಇಲ್ಲಿ ಎಡವುತ್ತಾರೆ.

ಮಾತು ಕೊಡದವರ ಬಲ ರಾಜ್ಯದ ನಡುವೆ ಹಾದುಹೋಗುವ ಬ್ಲ್ಯಾಕ್ ಬೆಲ್ಟ್‌ನಲ್ಲಿ. ನಮ್ಮ ಎರೆಭೂಮಿಯ ಹಾಗೆ ಕಪ್ಪು ಮಣ್ಣು, ಹತ್ತಿಯ ನಾಡು. ಹೆಸರು ಬಂದದ್ದು ಮಣ್ಣಿನಿಂದ. ಆದರೆ ಗುಲಾಮಗಿರಿಯ ಕಾಲದ ತೋಟಗಳಿಂದಾಗಿ ಜನಸಂಖ್ಯೆಯಲ್ಲೂ ಕರಿಯರದೇ ಬಹುಪಾಲು. ಮತಗಟ್ಟೆಯಲ್ಲಿ ಮಾತ್ರ ಬಿಳಿಯರದು.

ನಿಕ್ಸನ್ ಮತ ಬೆಳೆದದ್ದು ನಗರಗಳಲ್ಲಿ, ಬರ್ಮಿಂಗ್‌ಹ್ಯಾಮ್ ಕಡೆ. ಬೆಟ್ಟಗಾಡಿನ ವಿನ್‌ಸ್ಟನ್ ಕೌಂಟಿಯಂತೂ ಅಂತರ್ಯುದ್ಧದಲ್ಲಿ ಉತ್ತರದ ಒಕ್ಕೂಟದ ಪರ ನಿಂತ ಕಾಲದಿಂದಲೂ ರಿಪಬ್ಲಿಕನ್. ರಾಜ್ಯದಲ್ಲಿ ರಿಪಬ್ಲಿಕನ್ ಪಾಲು 1952ರಲ್ಲಿ ಶೇ. 35, 1956ರಲ್ಲಿ ಶೇ. 39, 1960ರಲ್ಲಿ ಶೇ. 42. ಹಿಂದಿನ ಎರಡೂ ಸಲ ನಿಂತಿದ್ದ ಎರಡನೇ ಮಹಾಯುದ್ಧದ ವೀರ ಐಸೆನ್‌ಹೋವರ್‌ಗಿಂತ ನಿಕ್ಸನ್ ಪಾಲು ಹೆಚ್ಚು ಎಂಬುದನ್ನು ಗಮನಿಸಿ. ಕ್ಯಾಥೊಲಿಕ್ ಅಭ್ಯರ್ಥಿ ಕೆನಡಿಯ ಬಗ್ಗೆ ಬ್ಯಾಪ್ಟಿಸ್ಟರೇ ತುಂಬಿದ ರಾಜ್ಯದಲ್ಲಿದ್ದ ಗುಮಾನಿಗೂ ಇದರಲ್ಲಿ ಪಾಲಿದೆ.

ಕರಿಯರಿಗೆ ಮತ ಹಾಕಲು ಬಿಡುತ್ತಿದ್ದರೇ?

ಬಿಡುತ್ತಿದ್ದುದು ಬೆರಳೆಣಿಕೆಯವರನ್ನು. ರಾಜ್ಯದ ಜನಸಂಖ್ಯೆ 1960ರ ಗಣತಿಯಂತೆ 32,66,740, ಅದರಲ್ಲಿ ಹತ್ತಿರಹತ್ತಿರ ಮೂರನೇ ಒಂದು ಪಾಲು ಕರಿಯರು. ಮತದ ವಯಸ್ಸಿನ ಕರಿಯರಲ್ಲಿ ಪಟ್ಟಿಯಲ್ಲಿ ಹೆಸರಿದ್ದವರು ನೂರಕ್ಕೆ ಸುಮಾರು ಹದಿನಾಲ್ಕು.

1901ರ ರಾಜ್ಯ ಸಂವಿಧಾನ ಇದಕ್ಕೆ ಬುನಾದಿ ಹಾಕಿತ್ತು. ಒಂದು ಆಯುಧ ತಲೆಗಂದಾಯ: ವರ್ಷಕ್ಕೆ ಒಂದೂವರೆ ಡಾಲರ್. ಕಟ್ಟದಿದ್ದರೆ ಬಾಕಿ ಬೆಳೆಯುತ್ತ 36 ಡಾಲರ್‌ವರೆಗೆ ಹೋಗುತ್ತಿತ್ತು. 1953ರಲ್ಲಿ ಬಾಕಿಯನ್ನು ಎರಡು ವರ್ಷಕ್ಕೆ, ಅಂದರೆ 3 ಡಾಲರ್‌ಗೆ ಮಿತಿಗೊಳಿಸಿದರು. ಬಡ ಬಿಳಿಯರೂ ಈ ಕಂದಾಯಕ್ಕೆ ಬಲಿಯಾದರು. ಇನ್ನೊಂದು ಆಯುಧ ನೋಂದಣಿ ಮಂಡಳಿ. ಅರ್ಜಿ ತುಂಬಿಸುವುದು, ಓದಿಸುವುದು, ಪ್ರಶ್ನೆ ಕೇಳುವುದು, ಕೊನೆಗೆ ತಮಗೆ ಕಂಡಂತೆ ತಳ್ಳಿಹಾಕುವುದು. ಮೂರನೆಯದು ಎಲ್ಲೆ ಬದಲಿಸುವುದು. ಟಸ್ಕೀಗೀ ಪಟ್ಟಣದಲ್ಲಿ ಕರಿಯ ಮತದಾರರು ಹೆಚ್ಚಾದಾಗ 1957ರಲ್ಲಿ ಚೌಕಾಕಾರದ ಪಟ್ಟಣವನ್ನು 28 ಮೂಲೆಗಳ ಆಕಾರಕ್ಕೆ ಕತ್ತರಿಸಿ, ಸುಮಾರು 400 ಕರಿಯ ಮತದಾರರಲ್ಲಿ ನಾಲ್ಕೈದು ಮಂದಿಯನ್ನಷ್ಟೇ ಒಳಗಿಟ್ಟರು. ಇದು ಸಂವಿಧಾನಕ್ಕೆ ವಿರುದ್ಧ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 1960ರ ನವೆಂಬರ್ 14ರಂದು, ಅಧ್ಯಕ್ಷೀಯ ಮತದಾನ ಮುಗಿದ ಆರನೇ ದಿನ.

ಹಾಗಾಗಿ ಅಲಬಾಮಾದ ಜನ ಹೀಗೆ ಮತ ಹಾಕಿದರು ಎಂದು ಬರೆಯುವಾಗ ಯಾವ ಜನ ಎಂಬ ಪ್ರಶ್ನೆ ಬೆನ್ನಿಗೇ ಇರುತ್ತದೆ.

ಇದು ಅಲಬಾಮಾದಲ್ಲಿ ಮೊದಲ ಸಲವೇ?

ಅಲ್ಲ. 1948ರಲ್ಲಿ ಹಾಲಿ ಅಧ್ಯಕ್ಷ ಟ್ರೂಮನ್ ಅವರಿಗೆ ಅಲಬಾಮಾದಲ್ಲಿ ಮತ ಹಾಕುವ ಅವಕಾಶವೇ ಇರಲಿಲ್ಲ. ಡೆಮಾಕ್ರಟಿಕ್ ಪಕ್ಷದ ಜಾಗವನ್ನು, ಪಕ್ಷದ ವಿರುದ್ಧ ಬಂಡೆದ್ದು ಅಧ್ಯಕ್ಷ ಸ್ಥಾನಕ್ಕೆ ನಿಂತ ಥರ್ಮಂಡ್ ಅವರ ಬೆಂಬಲಿಗರು ಹಿಡಿದಿದ್ದರು. ಥರ್ಮಂಡ್‌ಗೆ 1,71,443 ಮತ, ಶೇ. 80ರ ಹತ್ತಿರ. ಆ ಬಂಡಾಯದ ಸಮಾವೇಶ ನಡೆದದ್ದು ಬರ್ಮಿಂಗ್‌ಹ್ಯಾಮ್‌ನಲ್ಲಿ, ಮುಖ್ಯ ಭಾಷಣ ಮಾಡಿದವರು ಇದೇ ಫ್ರಾಂಕ್ ಡಿಕ್ಸನ್. 1960ರಲ್ಲಿ ಅವರು ಯಾರಿಗೂ ಮಾತು ಕೊಡದೆ ನಿಂತದ್ದರಲ್ಲಿ ಅಚ್ಚರಿಪಡುವಂಥದ್ದು ಏನೂ ಇಲ್ಲ.

1964ರಲ್ಲಿ ಇನ್ನೂ ಮುಂದೆ ಹೋದರು. ಹನ್ನೊಂದು ಹತ್ತಕ್ಕೆ ಇಳಿದಿತ್ತು, ಗವರ್ನರ್ ಜಾರ್ಜ್ ವಾಲೆಸ್ ಬಣದ ಮಾತು ಕೊಡದವರೇ ಅಷ್ಟೂ ಸ್ಥಾನಗಳಿಗೆ ನಿಂತರು. ಅಧ್ಯಕ್ಷ ಲಿಂಡನ್ ಜಾನ್ಸನ್ ಪರವಾಗಿ ಮತಪತ್ರದಲ್ಲಿ ಒಂದು ಹೆಸರೂ ಇಲ್ಲ. ರಿಪಬ್ಲಿಕನ್ ಗೋಲ್ಡ್‌ವಾಟರ್ 4,79,085 ಮತ ಪಡೆದು ಹತ್ತಕ್ಕೆ ಹತ್ತೂ ಗೆದ್ದರು. ಮಾತು ಕೊಡದವರಿಗೆ 2,10,732. ಈ 2,10,732ನ್ನು ಜಾನ್ಸನ್ ಖಾತೆಗೆ ಬರೆದ ಪಟ್ಟಿ ಸಿಕ್ಕರೆ ಅದನ್ನು ನಂಬಬೇಡಿ.

ನಾನೇ ಒಂದು ಪಟ್ಟಿ ಮಾಡುತ್ತಿದ್ದೇನೆ. ಅಲಬಾಮಾ 1960ರ ಸಾಲನ್ನು ಹೇಗೆ ಬರೆಯಲಿ?

ಜನಮತದ ಕಾಲಂನಲ್ಲಿ ಅಭ್ಯರ್ಥಿಯ ಹೆಸರಿನ ಬದಲು ಪಕ್ಷದ ಹೆಸರು ಬರೆಯಿರಿ: ಡೆಮಾಕ್ರಟಿಕ್ 3,18,303, ರಿಪಬ್ಲಿಕನ್ 2,37,981. ಡೆಮಾಕ್ರಟಿಕ್ ಅಂಕಿಗೆ ಒಂದು ಚುಕ್ಕಿ ಹಾಕಿ, ಇದು ನಿಷ್ಠ ಎಲೆಕ್ಟರ್‌ನ ಅತಿ ಹೆಚ್ಚಿನ ಮತ, ಮಾತು ಕೊಡದವರಲ್ಲಿ ಅತಿ ಹೆಚ್ಚು 3,24,050 ಎಂದು ಕೆಳಗೆ ಷರಾ ಬರೆಯಿರಿ. ಎರಡನ್ನೂ ಕೂಡಬೇಡಿ. ಎಲೆಕ್ಟರ್ ಕಾಲಂನಲ್ಲಿ ಕೆನಡಿ 5, ಬರ್ಡ್ 6. ನಕ್ಷೆಯಲ್ಲಿ ರಾಜ್ಯಕ್ಕೆ ಒಂದೇ ಬಣ್ಣ ತುಂಬದೆ ಗೆರೆ ಗೆರೆಯಾಗಿ ಎರಡು ಬಣ್ಣ ಹಾಕಿ. ದೇಶದ ಮೊತ್ತ ತೆಗೆಯುವಾಗ ಕೆನಡಿಗೆ 3,42,20,984 ಬಂತೇ ಎಂದು ನೋಡಿ. 5,747 ಹೆಚ್ಚು ಬಂದಿದ್ದರೆ ಎಲ್ಲೋ ಡಿಕ್ಸನ್ ಒಳಗೆ ಬಂದು ಕೂತಿದ್ದಾರೆ.